ಹೊಸ ಪ್ರೊಸೆಸರ್ ಬರಲಿ, ಅಕ್ಕ

ಜುಲೈ 20, ಭಾನುವಾರ. ಬೆಳಿಗ್ಗೆ 7.10

ಶೇಕಡ ಅರವತ್ತೊಂದು. ಹಲ್ಲುಜ್ಜಿ ಬಂದೆ — ಅರವತ್ತೊಂದು. ಟೀ ಕುಡಿದು ಲೋಟ ತೊಳೆದಿಟ್ಟು ಬಂದೆ — ಅರವತ್ತೆರಡು. ಹದಿನೆಂಟು ನಿಮಿಷದ ವಿಡಿಯೋ ಎಕ್ಸ್‌ಪೋರ್ಟ್ ಆಗಿ ಹೊರಬರಬೇಕು, ಯಾರದೋ ಮಗುವಿನ ಕಿವಿ ಚುಚ್ಚುವ ಶಾಸ್ತ್ರ. ಆ ಮಗು ಅತ್ತು ಸುಮ್ಮನಾಗಿ ತಿಂಗಳಾಯಿತು. ಈ ಕಂಪ್ಯೂಟರ್ ಪೆಟ್ಟಿಗೆ ಇನ್ನೂ ಅಳುತ್ತಿದೆ. ಕೆಳಗಿನ ಮನೆಯ ರುಕ್ಮಣಿಯಮ್ಮ ಮೆಟ್ಟಿಲ ಬುಡಕ್ಕೆ ಬಂದು, ಮಿಕ್ಸಿ ಹಾಕಿ ಮರೆತಿದ್ದೀಯಾ ತಂಬಿ ಎಂದು ಕೇಳಿಹೋದರು. ಫ್ಯಾನಿನ ಸದ್ದು ಅಷ್ಟಿದೆ.

ತಮಿಳರ ಆಡಿ ಮಾಸ, ನಮ್ಮ ಆಷಾಢದ ಹಾಗೆ. ಕೊಯಮತ್ತೂರಿನ ಈ ಕಡೆ ಈ ತಿಂಗಳು ಮದುವೆ ಇಲ್ಲ. ವರ್ಷದಲ್ಲಿ ಬೆನ್ನು ನೆಟ್ಟಗೆ ಮಾಡಲು ಸಿಗುವ ಒಂದೇ ತಿಂಗಳು. ಅದರಲ್ಲೂ ನೆಮ್ಮದಿ ಕೊಡಲಿಲ್ಲ ನವನೀತನ್. ನಿನ್ನೆ ತುಡಿಯಲೂರಿನ ತನ್ನ ಸ್ಟುಡಿಯೋಗೆ ಕರೆಸಿ ಹೇಳಿದ: ಮುಂದಿನ ತಿಂಗಳು ಆವಣಿ ಹುಟ್ಟಿದ ಮೇಲೆ ಎಲ್ಲ ಹೊಸ ಕ್ಯಾಮೆರಾ, ಫೈಲುಗಳು ಭಾರ, ನಿಮ್ಮ ಡಬ್ಬದಲ್ಲಿ ತೆರೆಯುವುದೇ ಇಲ್ಲ, ಅಷ್ಟರೊಳಗೆ ಬದಲಾಯಿಸಿ. ಒಂಬತ್ತು ವರ್ಷದಿಂದ ಅವನ ಮದುವೆಗಳನ್ನೆಲ್ಲ ಎಡಿಟ್ ಮಾಡಿಕೊಡುತ್ತಿದ್ದೇನೆ. ಮಾತಿನಲ್ಲಿ ಮರ್ಯಾದೆ ಇತ್ತು. ಆದರೂ ಅದು ಗಡುವೇ.

ಪ್ರೊಸೆಸರ್, ಬೋರ್ಡ್, ರ‍್ಯಾಮ್. ಮೂವತ್ತು ಸಾವಿರದೊಳಗೆ. ಉಳಿದದ್ದೆಲ್ಲ ಹಳೆಯದೇ ಇರಲಿ, ನನ್ನ ಹಾಗೆ.

ಅಕ್ಕ ಎರಡು ಸಲ ಫೋನ್ ಮಾಡಿದಳು. ತೆಗೆಯಲಿಲ್ಲ. ಎಕ್ಸ್‌ಪೋರ್ಟ್ ನಡೆಯುತ್ತಿತ್ತು... ಫೋನ್ ತೆಗೆದರೆ ಎಕ್ಸ್‌ಪೋರ್ಟ್ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ.

ಜುಲೈ 22, ಮಂಗಳವಾರ. ಮಧ್ಯಾಹ್ನ

ಹಾಳೆಯಲ್ಲಿ ನಡುವೆ ಗೆರೆ ಎಳೆದು ಎರಡು ಪಾಲು ಮಾಡಿದೆ. ಎಡಕ್ಕೆ ರೈಝನ್ ಪ್ರೊಸೆಸರ್. ಇದ್ದುದರಲ್ಲಿ ಅಗ್ಗ, ಎಕ್ಸ್‌ಪೋರ್ಟ್ ಬೇಗ. ಆದರೆ ಈ ಬೆಲೆಯದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕಬೇಕು, ಅಲ್ಲಿಗೆ ಅಗ್ಗ ಮುಗಿಯಿತು. ಬಲಕ್ಕೆ ಇಂಟೆಲ್ ಐ5. ಗ್ರಾಫಿಕ್ಸ್ ಒಳಗೇ ಇದೆ, ನವನೀತನ್‌ನ ಹೊಸ ಕ್ಯಾಮೆರಾ ಫೈಲುಗಳನ್ನು ಅದೇ ಬಿಚ್ಚಿಕೊಡುತ್ತದಂತೆ. ಅದರಲ್ಲೇ ಇನ್ನೊಂದು ಬಗೆಯಿದೆ, ಸ್ವಲ್ಪ ಕಡಿಮೆ ಬೆಲೆ — ಒಳಗಿನ ಗ್ರಾಫಿಕ್ಸ್ ಬಿಟ್ಟು ಮಾರುತ್ತಾರೆ. ಮಗ್ಗ ಕೊಟ್ಟು ಲಾಳಿ ಇಟ್ಟುಕೊಂಡ ಹಾಗೆ.

ಯೂಟ್ಯೂಬಿನಲ್ಲಿ ಹನ್ನೊಂದು ವಿಡಿಯೋ ನೋಡಿದೆ. ಒಬ್ಬ ಎಡ ಅನ್ನುತ್ತಾನೆ, ಒಬ್ಬ ಬಲ ಅನ್ನುತ್ತಾನೆ, ಮೂರನೆಯವನು ಇನ್ನಾರು ತಿಂಗಳು ತಡೆಯಿರಿ ಅನ್ನುತ್ತಾನೆ. ಮೂರನೆಯವನೇ ನನಗೆ ಹಿಡಿಸಿದ.

ಅಕ್ಕನ ಫೋನ್ ತೆಗೆದೆ. ಹರಿಹರದಲ್ಲಿ ಮಳೆ, ಮೊಣಕಾಲು ನೋವು, ಮಗಳು ಪ್ರಕೃತಿಗೆ ಐದು ತಿಂಗಳ ಬಸಿರು... ಕೊನೆಗೆ ಅಲ್ಲಿಗೇ ಬಂದಳು. ಪ್ರಕೃತಿಯ ಮದುವೆ ವಿಡಿಯೋ ಎಲ್ಲಿಗೆ ಬಂತು? ನಾನೂ ಯಾವಾಗಲೂ ಹೇಳುವುದನ್ನೇ ಹೇಳಿದೆ. ಈ ಮಷೀನು ಎಳೀತಿಲ್ಲ, ಹೊಸ ಪ್ರೊಸೆಸರ್ ಬರಲಿ ಅಕ್ಕ, ಮೊದಲು ನಿಂದೇ ಮಾಡ್ತೀನಿ. ಪ್ರೊಸೆಸರ್ ಎಂಬ ಮಾತು ಈಗ ಅವಳ ಬಾಯಲ್ಲಿ ಸಲೀಸಾಗಿ ಬರುತ್ತದೆ. ಕಲಿಸಿದವನು ನಾನು.

“ನಿಮ್ಮ ಭಾವನ ಮುಖ ಐತಪ್ಪ, ಫೋಟೋ ಅದಾವೆ,” ಅಂದಳು. “ಅವರ ದನಿ ಮರೀತಾ ಐತೆ ನನಗೆ.”

ಎಕ್ಸ್‌ಪೋರ್ಟ್ ನೋಡಬೇಕು ಎಂದು ಫೋನ್ ಇಟ್ಟೆ. ಅವಳಿಗೆ ಹೇಳದ್ದನ್ನು ಈ ಪುಸ್ತಕದಲ್ಲಾದರೂ ಬರೆದುಬಿಡುತ್ತೇನೆ.

ವಿಡಿಯೋ ಇಲ್ಲ.

2023ರ ಫೆಬ್ರವರಿ, ಪ್ರಕೃತಿಯ ಮದುವೆ. ಸೋದರಮಾವನ ಉಡುಗೊರೆ ಎಂದು ನಾನೇ ಶೂಟ್ ಮಾಡಿದೆ, ನವನೀತನ್‌ನ ಕ್ಯಾಮೆರಾ ಕೇಳಿ ತಂದು. ಎಲ್ಲವನ್ನೂ ಒಂದೇ ಪೋರ್ಟಬಲ್ ಡ್ರೈವಿಗೆ ಹಾಕಿ ಸ್ಟುಡಿಯೋದಲ್ಲಿಟ್ಟೆ. ಯಾರೂ ಮುಟ್ಟದಿರಲಿ ಎಂದು ಬಿಳಿ ಟೇಪ್ ಅಂಟಿಸಿ ಕನ್ನಡದಲ್ಲಿ ಬರೆದೆ: ಪ್ರಕೃತಿ ಮದುವೆ. ಮಾರ್ಚಿನಲ್ಲಿ ಮೂರು ಮುಹೂರ್ತ ಒಂದರ ಮೇಲೊಂದು. ಮೆಟ್ಟುಪಾಳ್ಯದ ಮದುವೆಗೆ ಖಾಲಿ ಡ್ರೈವ್ ಬೇಕಿತ್ತು. ಕೈಗೆ ಸಿಕ್ಕಿದ್ದನ್ನು ತೆಗೆದು ಫಾರ್ಮ್ಯಾಟ್ ಮಾಡಿ, ಇದ್ದದ್ದೆಲ್ಲ ಅಳಿಸಿ ಕಳಿಸಿದೆ. ಇಡೀ ಸ್ಟುಡಿಯೋದಲ್ಲಿ ಆ ಟೇಪ್ ಓದಲು ಬರುವವನು ನಾನೊಬ್ಬನೇ. ನಾನೇ ಓದಲಿಲ್ಲ.

ಗೊತ್ತಾದಾಗ ಅದರ ಮೇಲೆ ಇನ್ನೆರಡು ಮದುವೆ ಕೂತಿದ್ದವು. ರಿಕವರಿ ಸಾಫ್ಟ್‌ವೇರ್ ನಾಲ್ಕು ಬಗೆಯದು ಹಾಕಿ ನೋಡಿದೆ. ಯಾರದೋ ತಾಂಬೂಲದ ತಟ್ಟೆ ಬಂತು. ಅಕ್ಕನಿಗೆ ಹೇಳೋಣ, ಯುಗಾದಿ ಕಳೆಯಲಿ ಎಂದುಕೊಂಡೆ. ಏಪ್ರಿಲಿನಲ್ಲಿ ಭಾವ ಹೋದ. ತನ್ನ ಅಂಗಡಿಯಲ್ಲಿ, ಸ್ಟೂಲ್ ಮೇಲೆ ಕೂತ ಹಾಗೇ. ಆಮೇಲೆ ಹೇಗೆ ಹೇಳುವುದು?

ನೆಂಟರ ಫೋನುಗಳಲ್ಲಿ ತಾಳಿ ಕಟ್ಟುವುದಿದೆ, ಊಟದ ಸಾಲಿದೆ. ಭಾವನೂ ಒಂದೆರಡು ಕಡೆ ಇದ್ದಾನೆ, ಆದರೆ ವಾಲಗದ ಸದ್ದಿನಲ್ಲಿ ಅವನ ಮಾತು ಕೇಳುವುದಿಲ್ಲ. ದನಿ ಇದ್ದದ್ದು ನನ್ನ ಕ್ಯಾಮೆರಾದಲ್ಲಿ ಮಾತ್ರ. ಅಕ್ಕನಿಗೆ ಅದು ಗೊತ್ತು.

ಎರಡೂಕಾಲು ವರ್ಷದಿಂದ ಒಂದೇ ಸುಳ್ಳು. ಸುಳ್ಳು ಹೇಳಿ ಹೇಳಿ ಈ ಮಟ್ಟಿಗೆ ಸುಸ್ತಾಗುತ್ತದೆಂದು ಗೊತ್ತಿರಲಿಲ್ಲ.

ಜುಲೈ 23

ನಿನ್ನೆ ಬರೆದದ್ದನ್ನು ಓದಿದೆ. ಹರಿದುಹಾಕಬೇಕು ಅನ್ನಿಸಿತು. ಇರಲಿ. ಕೆಳಗಿನವರು ನೇಕಾರರು, ಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತಾರೆ, ತಲೆತಲಾಂತರದಿಂದ. ಓದಲು ಬರುವುದಿಲ್ಲ. ಸಿರುಮುಗೈಯ ಈ ಬೀದಿಯಲ್ಲಿ ನನ್ನ ಗುಟ್ಟಿಗೆ ಬೀಗವೇ ಬೇಕಿಲ್ಲ.

ಜುಲೈ 26, ಶನಿವಾರ. ಸಂಜೆ

ಗಾಂಧಿಪುರಂಗೆ ಹೋಗಿದ್ದೆ, ಮುತ್ತುಸಾಮಿಯ ಕಂಪ್ಯೂಟರ್ ಅಂಗಡಿಗೆ. ಹೊರಗೆ ಆಡಿ ರಿಯಾಯಿತಿಯ ಬ್ಯಾನರ್. ಸೀರೆ ಅಂಗಡಿಗೆ ಹಾಕುವಂಥದ್ದನ್ನೇ ಅವನೂ ಹಾಕಿಸಿದ್ದಾನೆ, ಅದರಲ್ಲಿ ಸೀರೆ ಉಟ್ಟ ಹೆಂಗಸಿನ ಕೈಯಲ್ಲಿ ಕೀಬೋರ್ಡು.

ಒಳ್ಳೆಯ ಮನುಷ್ಯ. ಏನು ಕೆಲಸ ಸಾರ್, ಯಾವ ಕ್ಯಾಮೆರಾ ಎಂದು ಮೊದಲು ಕೇಳಿದ. ಹೇಳಿದೆ. ಎರಡು ನಿಮಿಷದಲ್ಲಿ ನನ್ನ ಹಾಳೆಯ ಬಲಗಡೆಯದೇ ಸರಿ ಅಂದ: ಗ್ರಾಫಿಕ್ಸ್ ಒಳಗಿರುವ ಐ5, ಹದಿನಾರು ಜಿಬಿ ರ‍್ಯಾಮ್, ಮುಂದೆ ಇನ್ನೊಂದು ಹದಿನಾರು ಸೇರಿಸಿಕೊಳ್ಳಿ. ಹಳೆಯ ಪೆಟ್ಟಿಗೆಯನ್ನು ಇಡಿಯಾಗಿ ಎಕ್ಸ್‌ಚೇಂಜಿಗೆ ಕೊಟ್ಟರೆ ಹೊಸ ಎಸ್‌ಎಸ್‌ಡಿಯೂ ಸೇರಿ ನಿಮ್ಮ ಬಜೆಟ್ಟಿಗೇ ಬರುತ್ತದೆ ಎಂದು ಲೆಕ್ಕ ತೋರಿಸಿದ.

ನಾನು ತೆಗೆದುಕೊಳ್ಳಲಿಲ್ಲ. ಅದರ ಮುಂದಿನದು ಹೇಗೆ, ರೈಝನ್‌ನಲ್ಲಿ ಎಂಟು ಕೋರಿನದು ಹೇಗೆ, ವರ್ಷದ ಕೊನೆಗೆ ಹೊಸದು ಬರುತ್ತದಂತಲ್ಲ... ಮುತ್ತುಸಾಮಿ ಉತ್ತರ ಹೇಳುತ್ತಲೇ ಇದ್ದ. ಆಮೇಲೆ ನನ್ನನ್ನೇ ನೋಡಿದ. ಮಗಳಿಗೆ ವರ ನೋಡುತ್ತಿದ್ದೀರಾ ಸಾರ್ ಎಂದು ತಮಿಳಿನಲ್ಲಿ ನಕ್ಕ. ನಾನೂ ನಕ್ಕೆ.

ಬಸ್ಸಿನಲ್ಲಿ ಸೀಟ್ ಸಿಗಲಿಲ್ಲ. ಮೆಟ್ಟುಪಾಳ್ಯದವರೆಗೂ ನಿಂತೇ ಬಂದೆ. ಯಾವುದನ್ನು ಕೊಳ್ಳಬೇಕೆಂದು ಗೊತ್ತಿದೆ. ಹಾಳೆಯಲ್ಲಿ ಗೆರೆ ಎಳೆದ ದಿನವೇ ಗೊತ್ತಿತ್ತು. ಕೊಂಡ ದಿನ ನನ್ನ ನೆಪ ಮುಗಿಯುತ್ತದೆ, ಅಷ್ಟೇ ಸಂಗತಿ.

ಜುಲೈ 30, ಬುಧವಾರ. ಬೆಳಿಗ್ಗೆ 9.40

ಫೋನಿಗೆ ಬ್ಯಾಂಕಿನ ಮೆಸೇಜ್. ಇಪ್ಪತ್ತೈದು ಸಾವಿರ, ಸೀತಮ್ಮ. ಅಕ್ಕ.

ಹಿಂದೆಯೇ ಅವಳ ಫೋನು. ಬಿತ್ತೇನಪ್ಪ ದುಡ್ಡು ಅಂದಳು. ಯಾತಕ್ಕೆ ಅಕ್ಕ ಅಂದೆ.

“ನಿಮ್ಮ ಭಾವನ ವೈಂಡಿಂಗ್ ಮಷೀನ್ ಮಾರಿದೆ. ಹೆಂಗೂ ಸುಮ್ನೆ ಕುಂತಿತ್ತು. ದೊಡ್ಡದೇ ತಗೋ ತಮ್ಮಾ, ಸಣ್ಣದು ತಗೊಂಡು ಮತ್ತೆ ಎಳೀತಿಲ್ಲ ಅನಬ್ಯಾಡ.”

ಆ ಮಷೀನನ್ನು ಭಾವ ಕೊಯಮತ್ತೂರಿನಿಂದಲೇ ಕೊಂಡೊಯ್ದದ್ದು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅವನ ಕಸುಬು. ತಾಮ್ರದ ತಂತಿ, ಪಂಪಿನ ಬಿಡಿಭಾಗ, ಎಲ್ಲಕ್ಕೂ ಕೊಯಮತ್ತೂರಿಗೇ ಬರುತ್ತಿದ್ದ. ಹದಿನಾಲ್ಕು ವರ್ಷದ ಹಿಂದೆ ಹಾಗೆ ಬರುವಾಗ ನನ್ನನ್ನೂ ಜೊತೆಗೆ ಕರೆತಂದ. ಊರಲ್ಲಿ ಕೂತು ಏನು ಮಾಡ್ತಿ, ಇಲ್ಲಿ ಕೆಲಸ ಕಲಿ ಅಂದ. ಉಕ್ಕಡದಲ್ಲಿ ಬಸ್ಸಿಳಿದು, ಮೊದಲ ಸ್ಟುಡಿಯೋದ ಬಾಗಿಲವರೆಗೂ ಬಂದು, ಓನರ್ ಹತ್ತಿರ ಅವನಿಗೆ ಬಾರದ ತಮಿಳಿನಲ್ಲಿ ನನ್ನ ಬಗ್ಗೆ ಏನೇನೋ ಹೊಗಳಿ ಹೋದ. ಊಟ ಎಲ್ಲಿ ಚೆನ್ನಾಗಿದೆ ಎಂದೂ ವಿಚಾರಿಸಿ ಹೇಳಿದ್ದ.

ಸರಿ ಅಕ್ಕ ಅಂದೆ. ಸರಿ ಅಂದೆನಲ್ಲ. ನಾಚಿಕೆಯಾಗುತ್ತದೆ ಎಂದು ಬರೆದರೆ ಸಾಲದು.

ಆಗಸ್ಟ್ 4, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಮಲಗಿದೆ, ಎದ್ದೆ. ಅಕ್ಕನ ನಂಬರು ತೆರೆದೆ, ಮುಚ್ಚಿದೆ. ಜ್ವರವೇನೋ ಎಂದು ರುಕ್ಮಣಿಯಮ್ಮ ರಸಂ ಕಳಿಸಿದರು. ಜ್ವರ ಇಲ್ಲ. ಆದರೂ ಕುಡಿದೆ.

ಪಾತ್ರೆ ಕೊಡಲು ಇಳಿದಾಗ ಅವರ ಯಜಮಾನರು, ರಾಮಲಿಂಗಂ ಅಯ್ಯ, ಮಗ್ಗದ ಹತ್ತಿರ ಕೂತಿದ್ದರು. ಸೀರೆ ನೇಯ್ದು ಉದ್ದೆಳೆಗಳ ಹಾಸು ಮುಗಿದಿದೆ, ಹೊಸ ಹಾಸು ಬಂದಿದೆ. ಹಳೆಯದರ ಕೊನೆಯ ಒಂದು ಮೊಳ ಎಳೆಗಳನ್ನು ಮಗ್ಗದಲ್ಲೇ ಬಿಟ್ಟಿದ್ದಾರೆ. ಹೊಸದರ ಒಂದೊಂದೇ ಎಳೆ ಹಿಡಿದು, ಬೂದಿ ಸವರಿದ ಬೆರಳಲ್ಲಿ ಹಳೆಯ ಎಳೆಗೆ ಹೊಸೆದು ಸೇರಿಸುತ್ತಾರೆ. ನಾಲ್ಕು ಸಾವಿರ ಎಳೆಗೂ ಮೇಲೆ. ನೋಡಿ ನನಗೇ ಕೊರಳು ನೋವು ಬಂತು. ಹಳೆಯದನ್ನೆಲ್ಲ ಎಳೆದುಹಾಕಿ ಹೊಸದಾಗಿ ಹೂಡಬಾರದಾ ಎಂದು ಕೇಳಿದೆ. ಅವರಿಗೆ ನಗು.

“ಹಳೇ ಪಾವು ಪೂರಾ ತೆಗೆದ್ಬುಟ್ರೆ ಹೊಸ್ದು ಯಾವ್ದರ ಜತೆ ಸೇರೋದು ತಂಬಿ? ಕೊಂಚ ಒಳಗೇ ಇರ್ಬೇಕು.”

ಪಾವು ಅಂದರೆ ಹಾಸು. ಎಂಬತ್ತರ ಹತ್ತಿರ ಬಂದ ಕಣ್ಣು, ಒಂದು ಎಳೆಯೂ ತಪ್ಪಲಿಲ್ಲ. ಸ್ವಲ್ಪ ಹೊತ್ತು ಕೂತು ನೋಡಿ ಮೇಲೆ ಬಂದೆ.

ಆಗಸ್ಟ್ 6, ಬುಧವಾರ. ಸಂಜೆ 6

ಕೊಂಡೆ. ಗ್ರಾಫಿಕ್ಸ್ ಒಳಗಿರುವ ಐ5, ಮುತ್ತುಸಾಮಿ ಅಂದು ಹೇಳಿದ್ದೇ. ನನ್ನ ಮೂವತ್ತು ಸಾವಿರದಲ್ಲೇ. ಅಕ್ಕನ ದುಡ್ಡು ಮುಟ್ಟಲಿಲ್ಲ. ಅವಳಿಗೆ ವಾಪಸ್ ಕಳಿಸಿಯೇ ಅಂಗಡಿ ಹತ್ತಿದೆ.

ಹಳೆಯ ಪೆಟ್ಟಿಗೆಯನ್ನು ಬೆಳಿಗ್ಗೆಯೇ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ, ಎಕ್ಸ್‌ಚೇಂಜಿಗೆ. ಬೇಕಾದ ಫೈಲುಗಳನ್ನೆಲ್ಲ ಮೊದಲೇ ತೆಗೆದಿಟ್ಟಿದ್ದೆ. ಮುತ್ತುಸಾಮಿ ಹೊಸದನ್ನು ಜೋಡಿಸಿ, ಹಳೆಯದನ್ನು ಬಿಚ್ಚಿ ಡಿಸ್ಕ್ ಹೊರತೆಗೆದು ತನ್ನ ಮಷೀನಿಗೆ ಸಿಕ್ಕಿಸಿದ. ಕೈ ಮೌಸಿನ ಮೇಲಿತ್ತು.

“ಪಳಯ ಡಿಸ್ಕ್ ಫಾರ್ಮ್ಯಾಟ್ ಪಣ್ಣಿಡಲಾಮಾ ಸಾರ್?”

ಹಳೆಯ ಡಿಸ್ಕ್ ಅಳಿಸಿಬಿಡಲೇ ಎಂದು ದಿನಕ್ಕೆ ಹತ್ತು ಜನರನ್ನು ಕೇಳುವ ಮಾತು. ಆ ಹೊತ್ತಿಗೆ ನನ್ನ ತಲೆಯಲ್ಲಿ ಬಂದದ್ದು ಬೂದಿ ಹತ್ತಿದ ಬೆರಳು. ಕೊಂಚ ಒಳಗೇ ಇರಬೇಕು. ಏನು ಒಳಗಿದೆ ಎಂದು ಗೊತ್ತಿರಲಿಲ್ಲ, ಬೇಡ ಅಂದೆ. ಡಿಸ್ಕ್ ವಾಪಸ್ ಕೊಟ್ಟರೆ ಆರುನೂರು ಜಾಸ್ತಿಯಾಗುತ್ತದೆ ಅಂದ. ಕೊಟ್ಟೆ. ಅದನ್ನು ಜೇಬಿನಲ್ಲಿಟ್ಟು, ಹೊಸ ಪೆಟ್ಟಿಗೆ ತೊಡೆಯ ಮೇಲಿಟ್ಟು ಬಂದೆ.

ಅನ್ನಕ್ಕೆ ಇಟ್ಟಿದ್ದೇನೆ. ಡಿಸ್ಕ್ ಮೇಜಿನ ಮೇಲಿದೆ. ಇವತ್ತು ತೆರೆದು ನೋಡಲು ಆಗುವುದಿಲ್ಲ. ನಾಳೆ.

ಆಗಸ್ಟ್ 7, ಗುರುವಾರ. ಬೆಳಿಗ್ಗೆ 11

ಡಿಸ್ಕನ್ನು ಹೊಸ ಮಷೀನಿಗೆ ಸಿಕ್ಕಿಸಿ ತೆರೆದೆ. ನಿಧಾನವಾಗಿ ಬರೆಯುತ್ತೇನೆ.

ಕ್ಯಾಮೆರಾದ ಅಸಲು ಫೈಲುಗಳನ್ನು ಹಳೆಯ ಪ್ರೊಸೆಸರ್ ತಡೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಎಡಿಟ್‌ಗೆ ಮುಂಚೆ ಪ್ರತಿಯೊಂದಕ್ಕೂ ಸಣ್ಣದೊಂದು ಮಬ್ಬು ನಕಲು ಮಾಡಿಸುತ್ತಿದ್ದೆ. ಪ್ರಾಕ್ಸಿ ಅನ್ನುತ್ತೇವೆ. ಡ್ರೈವನ್ನು ಒಂದು ರಾತ್ರಿ ಮನೆಗೆ ತಂದು ಪ್ರಕೃತಿಯ ಮದುವೆಗೂ ಹಾಗೆ ಶುರುಮಾಡಿದ್ದೆ. ಮಷೀನು ಎಷ್ಟು ಮಂದವೆಂದರೆ ರಾತ್ರಿ ಹಚ್ಚಿದ್ದು ಬೆಳಗಾದರೂ ಆರುನೂರು ಫೈಲುಗಳಲ್ಲಿ ಐವತ್ತೂ ದಾಟಿರಲಿಲ್ಲ. ಮೆಟ್ಟುಪಾಳ್ಯದ ಮದುವೆಗೆ ಅವಸರ, ಬೈದು ನಿಲ್ಲಿಸಿದೆ. ಮರೆತೆ. ಡ್ರೈವ್ ಅಳಿಸಿಹೋದ ಮೇಲೆ ಒಂದೇ ಸಲ ಆ ಪ್ರಾಜೆಕ್ಟ್ ತೆರೆದೆ. ಪರದೆ ತುಂಬ ಕೆಂಪು, ಮೀಡಿಯಾ ಆಫ್‌ಲೈನ್, ಅಂದರೆ ಫೈಲೇ ಇಲ್ಲ. ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಹುಡುಕಿದ್ದೆಲ್ಲ ಪೋರ್ಟಬಲ್ ಡ್ರೈವಿನಲ್ಲಿ, ಅದೂ ಅಸಲು ಫೈಲುಗಳನ್ನು. ನಕಲು ಹೋಗಿ ಕೂರುವುದು ಮಷೀನಿನ ಸ್ವಂತ ಡಿಸ್ಕಿನಲ್ಲಿ. ಹದಿನಾಲ್ಕು ವರ್ಷದ ಅನುಭವಸ್ಥ ಎಡಿಟರ್ ನಾನು.

ನಕಲುಗಳು ನಲವತ್ತಮೂರು ಇವೆ. ಹೆಚ್ಚಿನವು ಚಪ್ಪರ, ಹೂವು, ರಂಗೋಲಿ, ಅಡಿಗೆಯವರು. ಇಪ್ಪತ್ತೊಂಬತ್ತನೆಯದರಲ್ಲಿ ಭಾವ.

ಒಂಬತ್ತು ಸೆಕೆಂಡ್. ಲೈಟಿನ ವೈರನ್ನು ಗೋಡೆಯ ಪಕ್ಕಕ್ಕೆ ಸರಿಸುತ್ತಿದ್ದಾನೆ. ಮಗಳ ಮದುವೆಯ ದಿನವೂ ವೈರಿನ ಕೆಲಸ. ಯಾರೋ ಅಜ್ಜಿ ದಾಟುತ್ತಾಳೆ. “ಮೆಲ್ಲಕೆ ಬಾರವ್ವ, ವೈರ್ ಐತೆ.” ಆಮೇಲೆ ಕ್ಯಾಮೆರಾ ಹಿಡಿದ ನನ್ನ ಕಡೆ ತಿರುಗುತ್ತಾನೆ. “ನನ್ನೇನು ತೆಗೀತೀಯೋ ಹಾಲಪ್ಪ, ಹುಡುಗಿ ಕಡೆ ತಿರುಗ್ಸು.” ಅಷ್ಟೇ. ನಾನು ತಿರುಗಿಸಿಬಿಟ್ಟೆ.

ಅತ್ತುಬಿಟ್ಟೆ. ಒಳ್ಳೆಯ ಪ್ರೊಸೆಸರ್ ಆಗಲೇ ಇದ್ದಿದ್ದರೆ ನಕಲು ಮಾಡಿಸುತ್ತಲೇ ಇರಲಿಲ್ಲ, ಇದೂ ಇರುತ್ತಿರಲಿಲ್ಲ.

ಆಗಸ್ಟ್ 8, ಶುಕ್ರವಾರ

ಹೇಳಿದೆ.

ಮೊದಲು ಒಂಬತ್ತು ಸೆಕೆಂಡಿನ ಸುದ್ದಿ ಹೇಳಿ, ಆಮೇಲೆ ಉಳಿದದ್ದು ಹೇಳೋಣವೆಂದು ಯೋಚಿಸಿದ್ದೆ. ಅದು ಲಂಚದ ಹಾಗೆ ಅನ್ನಿಸಿತು. ಹಾಗಾಗಿ ನೆಟ್ಟಗೆ ನನ್ನ ತಪ್ಪಿನಿಂದಲೇ ಶುರುಮಾಡಿದೆ.

“ಅಕ್ಕ, ವಿಡಿಯೋ ಇಲ್ಲ. ನಾನೇ ಅಳಿಸಿಬಿಟ್ಟೆ. ಭಾವ ಹೋಗೋಕೂ ಮುಂಚೆ. ಇಷ್ಟು ದಿನ ಸುಳ್ಳು ಹೇಳ್ತಿದ್ದೆ.”

ಆ ಕಡೆ ಕುಕ್ಕರ್ ಕೂಗಿತು. ಒಂದು, ಎರಡು, ಮೂರು. ಒಲೆ ಆರಿಸಲು ಅವಳು ಏಳಲಿಲ್ಲ. ನಾಲ್ಕನೆಯ ಸಲ ಕೂಗುವಾಗ ಫೋನ್ ಇಟ್ಟಳು. ಒಂಬತ್ತು ಸೆಕೆಂಡಿನ ಮಾತು ಹೇಳಲು ಆಗಲೇ ಇಲ್ಲ. ಮತ್ತೆ ಮಾಡಿದೆ, ತೆಗೆಯಲಿಲ್ಲ. ಇನ್ನೊಂದು ಸಲ ಮಾಡಿದೆ. ಅವಳ ಎರಡು ಫೋನ್ ನಾನೂ ಹೀಗೇ ಬಿಟ್ಟಿದ್ದೆ, ಅನುಭವಿಸಬೇಕು.

ಆಗಸ್ಟ್ 11, ಸೋಮವಾರ

ಮೂರು ದಿನ. ಅಕ್ಕನ ಫೋನ್ ಇಲ್ಲ. ಹೊಸ ಮಷೀನಿನಲ್ಲಿ ನವನೀತನ್‌ನ ಸ್ಯಾಂಪಲ್ ಫೈಲುಗಳನ್ನು ಹಾಕಿ ನೋಡಿದೆ. ನೀರಿನ ಹಾಗೆ ಓಡುತ್ತವೆ. ಫ್ಯಾನಿನ ಸದ್ದೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಮನೆ ಬಿಕೋ ಅನ್ನುತ್ತಿದೆ.

ರಾತ್ರಿ 10.30

ಪ್ರಕೃತಿಯ ಮೆಸೇಜ್: ಮಾಮ, ಅಮ್ಮ ಬೆಂಗಳೂರಿಂದ ಬಸ್ ಹತ್ತಿದಾಳೆ. ನಿಮಗೆ ಹೇಳಬೇಡ ಅಂದಿದ್ದಳು.

ಆಗಸ್ಟ್ 12, ಮಂಗಳವಾರ. ಬೆಳಿಗ್ಗೆ 10.15

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಹಾಲು ಕಾಯುತ್ತಿದೆ.

ಅಕ್ಕ ಗಾಂಧಿಪುರಂನಲ್ಲಿ ಇಳಿದಳು. ಕಾದು ನಿಂತಿದ್ದ ನನ್ನನ್ನು ನೋಡಿ, ಯಾರು ಹೇಳಿದ್ರು ಎಂದೂ ಕೇಳಲಿಲ್ಲ. ಕೈಯಲ್ಲಿ ಒಂದೇ ಬ್ಯಾಗು. ಮಂಡಕ್ಕಿ ಇಲ್ಲ, ರೊಟ್ಟಿ ಇಲ್ಲ, ಶೇಂಗಾ ಚಟ್ನಿ ಇಲ್ಲ. ಹದಿನಾಲ್ಕು ವರ್ಷದಲ್ಲಿ ಅಕ್ಕ ಬರಿಗೈಯಲ್ಲಿ ಬಂದದ್ದು ಇದೇ ಮೊದಲು. ಬಸ್ಸಿನಲ್ಲಿ ಒಂದೂವರೆ ತಾಸು ಕಿಟಕಿಯ ಹೊರಗೇ ನೋಡಿದಳು. ಒಂದೇ ಮಾತಾಡಿದಳು: ದುಡ್ಡು ವಾಪಸ್ ಬಂದಾಗಲೇ ಏನೋ ಐತೆ ಅಂತ ಗೊತ್ತಾಯ್ತು.

ಮನೆಗೆ ಬಂದು ಕಾಲು ತೊಳೆದು ಕುರ್ಚಿಯಲ್ಲಿ ಕೂತಳು. ಬೈಯಲಿ ಎಂದು ನಿಂತೆ. ಬೈಯಲಿಲ್ಲ. ಉಳಿದದ್ದು ಇಷ್ಟೇ ಅಕ್ಕ ಎಂದು ಇಪ್ಪತ್ತೊಂಬತ್ತನೆಯದನ್ನು ಹಾಕಿದೆ.

ಒಂಬತ್ತು ಸೆಕೆಂಡ್ ಮುಗಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮತ್ತೆ ಹಾಕು ಅಂದಳು, ಹಾಕಿದೆ. ಮತ್ತೆ ಅಂದಳು. ನಾಲ್ಕನೆಯ ಸಲ ಕಣ್ಣು ಪರದೆಯಿಂದ ಕೆಳಗೆ ಬಂತು, ಹೊಸ ಪೆಟ್ಟಿಗೆಯ ಮೇಲೆ.

“ಇದು ಹಳೇ ಮಷೀನಲ್ಲೇ ಓಡ್ತಿತ್ತಲ್ವೇನೋ?”

“ಓಡ್ತಿತ್ತು ಅಕ್ಕ.”

ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಯಾವುದನ್ನು ಒತ್ತಬೇಕು, ತೋರ್ಸು ಅಂದಳು. ಉದ್ದನೆಯ ಕೀ ತೋರಿಸಿದೆ: ಒತ್ತಿದರೆ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ, ಮುಗಿದ ಮೇಲೆ ಒತ್ತಿದರೆ ಮತ್ತೆ ಮೊದಲಿಂದ. ನೀನು ಹೋಗು, ಟೀ ಮಾಡು ಅಂದಳು.

ಒಳಗಿನಿಂದ ಕೇಳುತ್ತಲೇ ಇದೆ. ಮೆಲ್ಲಕೆ ಬಾರವ್ವ. ವೈರ್ ಐತೆ. ಹುಡುಗಿ ಕಡೆ ತಿರುಗ್ಸು. ಮತ್ತೆ ಮೆಲ್ಲಕೆ ಬಾರವ್ವ. ಕೆಳಗಿನ ಮಗ್ಗದ ಸದ್ದೂ ಶುರುವಾಗಿದೆ, ಹೊಸ ಹಾಸು.

ಎಷ್ಟನೆಯ ಸಲವೋ, ನಡುವೆ ನಿಂತಿತು. ತಮ್ಮಾ ಎಂದು ಕರೆದಳು. ಕೆಟ್ಟಿತೇನೋ ಎಂದು ಬಾಗಿಲಿಂದ ಇಣುಕಿದೆ. ಕೆಟ್ಟಿಲ್ಲ, ಅವಳೇ ನಿಲ್ಲಿಸಿದ್ದಾಳೆ. ಭಾವ ಈ ಕಡೆ ತಿರುಗಿ ನೋಡುವ ಜಾಗದಲ್ಲಿ. ನನ್ನ ಕಡೆ ನೋಡದೆ ಪಕ್ಕದ ಸ್ಟೂಲನ್ನು ಎಳೆದು ಹತ್ತಿರ ಇಟ್ಟಳು, ಬಂದು ಕುಂತ್ಕೋ ಅನ್ನುವ ಹಾಗೆ. ಹಾಲು ಉಕ್ಕುತ್ತಿದೆ, ನಾನು —